ಕುಡಿತ ಬಿಟ್ಟವರ ಮೀಟಿಂಗ್ ಹುಡುಕುವುದು ಹೇಗೆ: ಮಲ್ಪೆ, ಉಡುಪಿ ಕಡೆಯವರಿಗೆ

ನಾನು ಮಲ್ಪೆ ಬಂದರಿನಲ್ಲಿ ಐಸ್ ಲೆಕ್ಕ ಬರೆಯುವವ. ನಾನು ಕುಡಿತ ಬಿಟ್ಟದ್ದು ಬೋಟಿನವರಿಗೆಲ್ಲ ಗೊತ್ತು. ಚೀಟಿ ತೆಗೆದುಕೊಂಡ ಮೇಲೂ ಯಾರಾದರೂ ಸುಮ್ನೆ ನಿಂತಿದ್ದರೆ ನನಗೆ ಅರ್ಥವಾಗುತ್ತದೆ. ಆಚೀಚೆ ನೋಡಿ, "ಅಣ್ಣಾ, ಆ ಮೀಟಿಂಗ್ ಎಲ್ಲಿ ಆಗುವುದು?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಡಾಕ್ಟರ್ ಮಾತು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಪೆಗ್ ಹೋದ ಮೇಲೆ ನಿಲ್ಲುತ್ತದೆ ಅಂತಾದರೆ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ 2–3 ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನಲ್ಲಿ ವೆನ್ಲಾಕ್, ಹತ್ತಿರದಲ್ಲಿ ಮಣಿಪಾಲದ ಕೆಎಂಸಿ ಇವೆ. ಮೀಟಿಂಗಿನಲ್ಲಿ ಮದ್ದು ಕೊಡುವುದಿಲ್ಲ.

ಜನ ಮೀಟಿಂಗ್ ಎನ್ನುವುದು ಹೆಚ್ಚಾಗಿ ಎ.ಎ.ಗೆ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರ್, ಸೇರಿ ಶುರು ಮಾಡಿದ್ದು. ಫೀಸ್ ಇಲ್ಲ, ಹೆಸರು ಬರೆಸಬೇಕಾಗಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಕೆಲವು ಕಡೆ ಚರ್ಚಿನ ಹಾಲ್‌ನಲ್ಲಿ ಕೂರುತ್ತಾರೆ. ಅದು ಜಾಗಕ್ಕೆ ಮಾತ್ರ. ಮತಕ್ಕೂ ಇದಕ್ಕೂ ಸಂಬಂಧ ಇಲ್ಲ.

ವಿಳಾಸ ಸಿಗುವುದು ಕಷ್ಟ ಅಲ್ಲ. ಎ.ಎ.ಯ ಭಾರತದ ಜಾಲತಾಣದಲ್ಲಿ ಊರುವಾರು ವಿವರ ನೋಡಬಹುದು. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ಕೇಳಿ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ನಂಬರ್ 14446. ಮನಸ್ಸು ತೀರಾ ಕೆಟ್ಟರೆ ಟೆಲಿ ಮಾನಸ್, 14416. ಅದಕ್ಕೆ ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು.

ಪಟ್ಟಿಯಲ್ಲಿ ಇದೆ ಅಂತ ಸೀದಾ ಹೊರಡಬೇಡಿ. ಜಾಗ ಬದಲಾಗಿರುತ್ತದೆ, ಹಬ್ಬಕ್ಕೆ ರಜೆ ಇರುತ್ತದೆ. ಮುಚ್ಚಿದ ಬಾಗಿಲು ನೋಡಿ ವಾಪಸ್ ಬರುವವನ ಕಾಲು ಎತ್ತ ಹೋಗುತ್ತದೆ ಅಂತ ನಮಗೆ ಗೊತ್ತುಂಟಲ್ವಾ? ಮೊದಲೇ ಫೋನ್ ಮಾಡಿ ಕೇಳಿ: ಈ ವಾರ ಉಂಟಾ? ಯಾವ ಗೇಟು, ಯಾವ ರೂಮು? ಜಾಸ್ತಿ ಯಾವ ಭಾಷೆ? ಎಷ್ಟು ಗಂಟೆಗೆ ಬಿಡುತ್ತದೆ? ಕನ್ನಡ ಮೀಟಿಂಗ್ ಅಂದರೂ ಎದುರಿನವ ತುಳುವಿನಲ್ಲೋ ಕೊಂಕಣಿಯಲ್ಲೋ ಅಳಲು ಶುರು ಮಾಡಬಹುದು. ಅರ್ಥ ಆಗುತ್ತದೆ, ಹೆದರಬೇಡಿ.

ಬಿಡುವ ಗಂಟೆ ಕೇಳುವುದು ಬಸ್ಸಿಗೋಸ್ಕರ. ಮಲ್ಪೆಯ ಕೊನೆಯ ಬಸ್ ತಪ್ಪಿ, ಜೇಬಿನಲ್ಲಿ ರಿಕ್ಷಾ ದುಡ್ಡು ಇಟ್ಟುಕೊಂಡು, ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ನಿಲ್ಲುವ ಹೊತ್ತು ಒಳ್ಳೆಯದಲ್ಲ. ಬಾರ್ ಬೋರ್ಡಿನ ಲೈಟ್ ಆಗ ಸಮಾ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಕಡೆಗೆ ಬೈಕಿನಲ್ಲಿ ಹೋಗುವವರು ಯಾರಾದರೂ ಇದ್ದಾರಾ ಅಂತ ಫೋನಿನಲ್ಲೇ ಕೇಳಿಬಿಡಿ. ಇದ್ದರೆ ಖಂಡಿತ ಕೂರಿಸಿಕೊಳ್ಳುತ್ತಾರೆ.

ಈಗ ನಿಜವಾದ ತಡೆ: ಯಾರಾದರೂ ನೋಡಿದರೆ? ಗಡಂಗಿನಿಂದ ತೂರಾಡಿಕೊಂಡು ಬರುವಾಗ ಇಡೀ ಊರೇ ನೋಡಿರುತ್ತದೆ, ಅದಕ್ಕೆ ನಾಚಿಕೆ ಇಲ್ಲ. ಹಾಲ್‌ಗೆ ಹತ್ತುವಾಗ ನಾಚಿಕೆ! ಆದರೂ ಆ ಹೆದರಿಕೆ ಸುಳ್ಳಲ್ಲ. ಹಾಗಿದ್ದರೆ ಮೊದಲು ಮಂಗಳೂರಿಗೆ ಹೋಗಿ. ಅಲ್ಲಿಯವರು ಉಡುಪಿಗೆ ಬರಲಿ. ಸ್ವಲ್ಪ ಧೈರ್ಯ ಬಂದ ಮೇಲೆ ಹತ್ತಿರದ ಮೀಟಿಂಗ್ ಹಿಡಿಯಿರಿ. ದೂರದ್ದನ್ನೇ ನಂಬಿದರೆ ಮಳೆಗಾಲದಲ್ಲಿ ಹೈವೇ ನೋಡಿ "ಇವತ್ತು ಬೇಡ" ಅನಿಸುತ್ತದೆ.

ಒಳಗೆ ಹೋದರೆ ಪ್ಲಾಸ್ಟಿಕ್ ಕುರ್ಚಿ, ಚಹಾ, ಒಬ್ಬೊಬ್ಬರಾಗಿ ಮಾತು. ನಿಮ್ಮ ಸರದಿ ಬಂದಾಗ "ಇವತ್ತು ಕೇಳಲಿಕ್ಕೆ ಬಂದದ್ದು" ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಕಾಣಿಕೆ ಸಂಗ್ರಹಿಸುವಾಗ ನೀವು ಹಾಕಲೇಬೇಕೆಂದಿಲ್ಲ. ಹೆಂಡತಿಯೋ ಅಮ್ಮನೋ ಜೊತೆಗೆ ಬರುವುದಾದರೆ ಓಪನ್ ಮೀಟಿಂಗ್ ಕೇಳಿ. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟ ಉಂಟು. ಗಂಡ ಕುಡಿತ ಬಿಡದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು, ಇದು ತುಂಬ ಜನರಿಗೆ ಗೊತ್ತಿಲ್ಲ.

ಮೊದಲನೆಯದು ಹಿಡಿಸದಿದ್ದರೆ ಬೇರೆ ಕಡೆ ನೋಡಿ. ಒಂದೊಂದು ಗುಂಪಿನ ಗಾಳಿ ಒಂದೊಂದು. ಎ.ಎ. ಬೇಡ ಅನಿಸಿದರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ, ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇದೆ. ನಮ್ಮ ಕಡೆ ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಎರಡಕ್ಕೂ ಹೋಗುವವರಿದ್ದಾರೆ, ಜಗಳ ಏನಿಲ್ಲ.

ಬೋಟಿನವರಿಗೆ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್. ಕೈಗೆ ಕೆಲಸ ಇಲ್ಲ, ಕುಡಿತ ಏರುವುದೂ ಆಗಲೇ. ಆದರೆ ವಾರ ತಪ್ಪದೆ ಮೀಟಿಂಗಿಗೆ ಹೋಗಲಿಕ್ಕೆ ಆಗುವುದೂ ಆ 61 ದಿನಗಳಲ್ಲೇ. ಶುರು ಮಾಡುವುದಿದ್ದರೆ ಆಗ ಮಾಡಿ. ಆಗಸ್ಟಿನಲ್ಲಿ ಕಡಲಿಗೆ ಇಳಿದರೆ ನೆಟ್‌ವರ್ಕ್ ಇರುವುದಿಲ್ಲ, ಆನ್‌ಲೈನ್ ಮೀಟಿಂಗೂ ಸಿಗುವುದಿಲ್ಲ. ಹೊರಡುವ ಮೊದಲು ಗುಂಪಿನ ಇಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಕೈಗೆ ಪಾಲಿನ ದುಡ್ಡು ಬರುವುದು ದಡ ಸೇರಿದ ಮೇಲೆ. ಅಷ್ಟರೊಳಗೆ, ಬಂದರು ಕಾಣುವಾಗಲೇ, ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ.