ಕೌದಿಯ ಬಿಡುವಿನಲ್ಲಿ ಹೊಸ ಕ್ಯಾಮೆರಾ: ಹಿತ್ತಲಲ್ಲೇ ಕೈ ಪಳಗಲಿ

ಒಂದು ಕೌದಿಯ ಕೊನೆಯ ಸುತ್ತು ಮುಗಿದು, ಮುಂದಿನದಕ್ಕೆ ಹಳೆಯ ಸೀರೆ, ಪಂಚೆಗಳನ್ನು ಒಗೆದು ಒಣಗಿಸುವ ನಡುವೆ ನಾಲ್ಕಾರು ದಿನ ಕೈ ಖಾಲಿ ಇರುತ್ತದೆ. ಮನೆಗೆ ಹೊಸ ಕ್ಯಾಮೆರಾ ಬಂದಿದ್ದರೆ ಕಲಿಯಲು ಇದೇ ಹೊತ್ತು. ಹಿತ್ತಲಲ್ಲಿ ಒಂದು ದಾಸವಾಳದ ಗಿಡ ಇದ್ದರೆ ಸಾಕು. ಕಟ್ಟಳೆ ಒಂದೇ: ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಮೂರನ್ನು ಒಟ್ಟಿಗೆ ತಿರುಗಿಸಿದರೆ ಚಿತ್ರ ಕೆಟ್ಟಿದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ.

ಕೆಳಗಿನ ಅಳತೆಗಳು ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್ (ಬೆಳಕನ್ನು ಹಿಡಿಯುವ ಫಲಕ) ಇರುವ ಕ್ಯಾಮೆರಾಕ್ಕೆ, ಅದರ ಜೊತೆಗೇ ಸಿಗುವ 18-55 ಎಂಎಂ ಲೆನ್ಸ್‌ಗೆ ಹೊಂದುವಂಥವು.

ಹೊರಗೆ ಹೋಗುವ ಮೊದಲು

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ತಾರೀಖು ಸರಿಪಡಿಸಿ, ಮೆಮೊರಿ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇದ್ದರೆ ಅದರ ಪಕ್ಕದಲ್ಲೊಂದು ಪುಟ್ಟ ಚಕ್ರ ಇರುತ್ತದೆ. ಒಳಗೆ ಕಾಣುವ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ. ಸೂಜಿಗೆ ದಾರ ಪೋಣಿಸಲು ಕನ್ನಡಕ ಹಾಕುವವರಿಗೆ ಇದು ಬಹಳ ಮುಖ್ಯ. ಇದನ್ನು ಮುಟ್ಟದೆಯೇ ‘ಫೋಕಸ್ ಸರಿಯಿಲ್ಲ’ ಎಂದು ಕ್ಯಾಮೆರಾವನ್ನು ಬೈಯುವವರೇ ಹೆಚ್ಚು.

ಲೆನ್ಸ್ ಬಿಚ್ಚುವ ಕೆಲಸ ಹೊಲಿಯುವ ಕೋಣೆಯಲ್ಲಿ ಬೇಡವೇ ಬೇಡ. ಬಟ್ಟೆ ಹರಿದಾಗ, ಕತ್ತರಿಸಿದಾಗ ಏಳುವ ಹತ್ತಿಯ ಧೂಳು ಸೆನ್ಸರಿನ ಮೇಲೆ ಕೂತರೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಎಫ್ 16 (ಎಫ್ ಎಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟು ಆಕಾಶದ ಒಂದು ಚಿತ್ರ ತೆಗೆದು ನೋಡಿ, ಧೂಳಿದ್ದರೆ ಕಂಡೇ ಕಾಣುತ್ತದೆ. ಸೀರೆಯ ಸೆರಗಿನಿಂದ ಲೆನ್ಸ್ ಒರೆಸುವ ಅಭ್ಯಾಸವನ್ನೂ ಬಿಡಿ. ಮೊದಲು ಗಾಳಿಯ ಬಲ್ಬಿನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ.

ದಾಸವಾಳದ ಕೇಸರ

ಮೊದಲ ದಿನ ಬೆಳಿಗ್ಗೆ ಗಿಡ ನೆರಳಲ್ಲಿರುವಾಗ ಶುರು ಮಾಡಿ. ಡಯಲನ್ನು ‘ಎ’ ಅಥವಾ ‘ಎವಿ’ಗೆ (ಎಫ್ ಅಂಕಿ ನಿಮ್ಮದು, ಶಟರ್ ಕ್ಯಾಮೆರಾದ್ದು) ತಿರುಗಿಸಿ, ಲೆನ್ಸನ್ನು 55 ಎಂಎಂಗೆ ಎಳೆದು, ಎಫ್ 5.6 ಇಡಿ. ಹೂವಿನಿಂದ ಕ್ಯಾಮೆರಾ ಸುಮಾರು 30 ಸೆಂಟಿಮೀಟರ್ ದೂರ ಇರಲಿ. ಈ ದೂರವನ್ನು ಲೆನ್ಸಿನ ತುದಿಯಿಂದ ಅಳೆಯಬಾರದು, ಸೆನ್ಸರಿನಿಂದ ಅಳೆಯಬೇಕು. ಎಷ್ಟೋ ಕ್ಯಾಮೆರಾಗಳ ತಲೆಯ ಮೇಲೆ ಅದಕ್ಕೆಂದೇ ಗೆರೆ ಹಾಯ್ದ ಸೊನ್ನೆಯ ಗುರುತು ಇರುತ್ತದೆ. ಇದಕ್ಕಿಂತ ಹತ್ತಿರ ಹೋದರೆ ಕೆಲವು ಲೆನ್ಸ್‌ಗಳು ಫೋಕಸ್ಸನ್ನೇ ಹಿಡಿಯುವುದಿಲ್ಲ.

ಫೋಕಸ್ ಚೌಕವನ್ನು ಕೇಸರದ ತುದಿಗೆ ಇಟ್ಟು ಎದುರಿನಿಂದ ಒತ್ತಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ತುದಿ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಈ ದೂರದಲ್ಲಿ ಎಫ್ 5.6 ಕೊಡುವ ಸ್ಪಷ್ಟತೆಯ ಆಳ ಬರೀ 3-4 ಮಿಲಿಮೀಟರ್. ಎಫ್ 11ಕ್ಕೆ ಹೋದರೂ ಅದು ಇಮ್ಮಡಿಯಾಗುತ್ತದೆ, ಅಷ್ಟೇ. ಬೆರಳುದ್ದದ ಕೇಸರಕ್ಕೆ ಅದು ಎಲ್ಲಿ ಸಾಕು? ನೀವು ಪಕ್ಕಕ್ಕೆ ಸರಿಯಿರಿ. ಕೇಸರ ಕ್ಯಾಮೆರಾದ ಬೆನ್ನಿಗೆ ಸಮಾನಾಂತರವಾಗಿ ಅಡ್ಡ ಬಂದರೆ ಬುಡದಿಂದ ತುದಿಯವರೆಗೆ ಒಂದೇ ದೂರದಲ್ಲಿರುತ್ತದೆ. ಗುಂಡಿ ತಿರುಗಿಸಿ ಸಿಗದ್ದು ಎರಡು ಹೆಜ್ಜೆ ಸರಿದರೆ ಸಿಗುತ್ತದೆ.

ಎರಡನೇ ದಿನ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ನೆರಳಿನಲ್ಲಿ ಎಫ್ 11, ಐಎಸ್‌ಒ 100 ಇಟ್ಟರೆ ಶಟರ್ (ಬೆಳಕು ಒಳಬರುವ ಹೊತ್ತು) 1/30 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಗಾಳಿಗೂ ಹೂವು ಅಲುಗಿ ಚಿತ್ರ ಹಾಳು. ಐಎಸ್‌ಒ 800 ಮಾಡಿ. 100, 200, 400, 800 ಎಂದು ಮೂರು ಸಲ ಇಮ್ಮಡಿಯಾಗಿದ್ದರಿಂದ ಶಟರ್ ವೇಗ ಕೂಡ ಮೂರು ಪಟ್ಟು ಏರುತ್ತದೆ ಎಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಗಲ್ಲ, ಅದು ಎಂಟು ಪಟ್ಟು ಏರಿ 1/250ರ ಹತ್ತಿರ ಬರುತ್ತದೆ. ಚಿಟ್ಟೆಗೆ 1/500 ಇದ್ದರೂ ಕಡಿಮೆಯೇ, 1/1000 ಇಟ್ಟುಕೊಳ್ಳಿ.

ಕೆಂಪು, ಬಿಳಿ

ಬಿಸಿಲಿನಲ್ಲಿ ಕೆಂಪು ದಾಸವಾಳದ ಎಸಳಿನ ನರಗಳೆಲ್ಲ ಅಳಿಸಿಹೋಗಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ಒಟ್ಟಾರೆ ಬೆಳಕು ಸರಿಯಿದ್ದರೂ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ಒಂದೇ ತುಂಬಿ ತುಳುಕಿರುತ್ತದೆ. ಚಿತ್ರದ ಬೆಳಕನ್ನು ಏರಿಸುವ, ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಗುಂಡಿಯಲ್ಲಿ -0.7 ಅಥವಾ -1 ಮಾಡಿ. ಮಲ್ಲಿಗೆಯದು ಇದಕ್ಕೆ ತಿರುಗುಮುರುಗು. ಚೌಕಟ್ಟಿನ ತುಂಬ ಬಿಳಿಯಿದ್ದರೆ ಕ್ಯಾಮೆರಾ ಅದನ್ನು ಬೂದಿಯ ಬಣ್ಣಕ್ಕೆ ಇಳಿಸುತ್ತದೆ. ಅಲ್ಲಿ +0.7 ಬೇಕು.

ಕೊನೆಗೆ ಕೌದಿ

ಕೈ ಅಷ್ಟು ಪಳಗಿದ ಮೇಲೆ ಮುಗಿದ ಕೌದಿಯನ್ನು ಹಗ್ಗಕ್ಕೆ ಹಾಕಿ. ಬಟ್ಟೆಯ ಪದರಗಳ ಭಾರಕ್ಕೆ ಹಗ್ಗ ಜೋತು ಬೀಳುವುದರಿಂದ ಮೇಲಂಚಿಗೆ ಬಿದಿರಿನ ಕೋಲು ಕಟ್ಟಿ. ಆರು ಅಡಿ ಅಗಲದ ಕೌದಿ ಪೂರ್ತಿ ಬರಲು 35 ಎಂಎಂನಲ್ಲಿ ಸುಮಾರು 10 ಅಡಿ, 50 ಎಂಎಂನಲ್ಲಿ 15 ಅಡಿ ಹಿಂದೆ ನಿಲ್ಲಬೇಕು. ಜಾಗ ಸಾಲದೆಂದು 18 ಎಂಎಂಗೆ ಇಳಿದರೆ ನೇರ ಅಂಚುಗಳು ಹೊಟ್ಟೆ ಬಂದಂತೆ ಉಬ್ಬುತ್ತವೆ. ಕ್ಯಾಮೆರಾ ಕೌದಿಯ ನಡುಮಧ್ಯದ ಎತ್ತರದಲ್ಲಿರಲಿ, ಎಫ್ 8 ಸಾಕು.

ಕೌದಿಯ ಸೊಗಸಿರುವುದು ಸಾಲುಹೊಲಿಗೆ ಎಬ್ಬಿಸುವ ಏರಿಳಿತದಲ್ಲಿ. ಎದುರು ಬಿಸಿಲಿಗೆ ಅದು ಚಪ್ಪಟೆಯಾಗಿಬಿಡುತ್ತದೆ. ಹಗ್ಗವನ್ನು ಪೂರ್ವ-ಪಶ್ಚಿಮವಾಗಿ ಕಟ್ಟಿದರೆ ಬೆಳಗಿನ ಬಿಸಿಲು ಬಟ್ಟೆಯನ್ನು ಸವರಿಕೊಂಡು ಹೋಗುತ್ತದೆ, ಒಂದೊಂದು ಹೊಲಿಗೆಗೂ ಎಳೆಯಷ್ಟು ನೆರಳು ಮೂಡುತ್ತದೆ. ನಮ್ಮ ಕಡೆ ಡಿಸೆಂಬರಿನಲ್ಲಿ ದಕ್ಷಿಣದ ಮಗ್ಗುಲಿಗೆ ಬಿಸಿಲು ಬೀಳುತ್ತದೆ, ಜೂನ್‌ನಲ್ಲಿ ಉತ್ತರಕ್ಕೆ. ಉತ್ತರ ಕನ್ನಡದ ಸಿದ್ದಿಯರು ತಮ್ಮ ಕೌದಿಯ ಮೂಲೆಗಳಿಗೆ ಮಡಚಿ ಹೊಲಿಯುವ ತ್ರಿಕೋನದ ‘ಫುಲಾ’ದಂಥ ಕೆಲಸವನ್ನು ಹತ್ತಿರದಿಂದ ತೆಗೆಯುವಾಗಲೂ ಈ ಓರೆ ಬೆಳಕೇ ಬೇಕು, ಪದರಗಳು ಬೇರೆಬೇರೆಯಾಗಿ ಕಾಣುವುದು ಆಗಲೇ.

ಮಾವಿನ ಮರದ ಕೆಳಗೆ ಮಾತ್ರ ಕೌದಿ ಹರವಬೇಡಿ. ಎಲೆಗಳಿಂದ ಸೋಸಿ ಬರುವ ಬೆಳಕಿಗೆ ಬಿಳಿ ತುಂಡುಗಳು ಹಸಿರಾಗುತ್ತವೆ. ಬೇರೆ ಜಾಗವೇ ಇಲ್ಲದಿದ್ದರೆ ಅದೇ ಬೆಳಕಿನಲ್ಲಿ ಬಿಳಿ ಕಾಗದ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸಿಕೊಡುವುದು) ಮಾಡಿಕೊಳ್ಳಿ, ಮರದಿಂದ ಆಚೆ ಬಂದ ಕೂಡಲೇ ಆಟೋಗೆ ತಿರುಗಿಸಿ. ಮರೆತರೆ ಮರುದಿನದ ಹೂವುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿರುತ್ತವೆ.