ವೆಟ್ಟಾ, ಡ್ರೈಯಾ? ಮೊದಲು ಪೆಟ್ರೋಲಿನ ಲೆಕ್ಕ ಹಾಕಿ

ಓಟದಲ್ಲಿ ಕಾರಿನ ಶಕ್ತಿ ಕೊಂಚ ಹೊತ್ತು ಏರಿಸಲು ಬಾಟಲಿಯಿಂದ ಇಂಜಿನ್ನಿಗೆ ಬಿಡುವ ಅನಿಲ ನೈಟ್ರಸ್ ಆಕ್ಸೈಡ್. ಅದು ಇಂಧನವಲ್ಲ. ಸಿನಿಮಾ ನೋಡಿ ಹಾಗೆ ಅಂದುಕೊಂಡವರೇ ಜಾಸ್ತಿ. ಇಂಜಿನ್ನಿನ ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿರುವ ಆಮ್ಲಜನಕ ಶೇ 23, ನೈಟ್ರಸ್‌ನಲ್ಲಿ ಶೇ 36. ಊದುಕೊಳವೆಯಲ್ಲಿ ಒಲೆ ಊದಿದ ಹಾಗೆ ಇದು; ಸೌದೆಯನ್ನು ನಾವೇ ಹಾಕಬೇಕು. ಆ ಹೆಚ್ಚುವರಿ ಪೆಟ್ರೋಲ್ ಯಾವ ದಾರಿಯಿಂದ ಬರುತ್ತದೆ ಅನ್ನುವುದೇ ನೈಟ್ರಸ್ ಬಿಡಲು ಕಾರಿಗೆ ಜೋಡಿಸುವ ವೆಟ್ (ಒದ್ದೆ) ಮತ್ತು ಡ್ರೈ (ಒಣ) ಕಿಟ್‌ಗಳ ನಡುವಿನ ವ್ಯತ್ಯಾಸ.

ಡ್ರೈ ಕಿಟ್‌ನಲ್ಲಿ ನಾಝಲ್‌ನಿಂದ ಬರುವುದು ಬರೀ ನೈಟ್ರಸ್. ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ, ಅಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಕವಾಟಗಳೇ, ಜಾಸ್ತಿ ಕೊಡಬೇಕು. ವೆಟ್ ಕಿಟ್‌ನಲ್ಲಿ ಎರಡು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ಕವಾಟ) ಇರುತ್ತವೆ, ಒಂದು ನೈಟ್ರಸ್‌ಗೆ, ಇನ್ನೊಂದು ಪೆಟ್ರೋಲಿಗೆ. ಎರಡೂ ನಾಝಲ್‌ನಲ್ಲಿ ಬೆರೆತು ಒಳಗೆ ಹೋಗುತ್ತವೆ.

ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇರುವ ಹಳೆಯ ಕಾರಾದರೆ ಯೋಚಿಸುವುದೇ ಬೇಡ, ವೆಟ್ ಕಿಟ್ಟೇ ಗತಿ. ಇಂಜೆಕ್ಟರ್ ಇರುವ ಕಾರಾದರೆ ಕಾಗದ, ಪೆನ್ನು ತೆಗೆದುಕೊಳ್ಳಿ.

ಮೊದಲ ಲೆಕ್ಕ ಇಂಜೆಕ್ಟರ್‌ನದು. ಅಮೆರಿಕದಲ್ಲಿ ನೈಟ್ರಸ್ ಅಂದರೆ ನೆನಪಾಗುವ ಕಾರು 5.0 ಲೀಟರ್ ವಿ8 ಫೋರ್ಡ್ ಮಸ್ಟಾಂಗ್. 1987ರಿಂದ 1992ರವರೆಗಿನ ಮಾದರಿಯ ಶಕ್ತಿ 225 ಎಚ್‌ಪಿ. ಅದರ ಎಂಟು ಇಂಜೆಕ್ಟರ್‌ಗಳಲ್ಲಿ ಪ್ರತಿಯೊಂದೂ ಗಂಟೆಗೆ 19 ಪೌಂಡ್ ಪೆಟ್ರೋಲ್ ಕೊಡುತ್ತದೆ. ಒಟ್ಟು 152 ಪೌಂಡ್. ಇಂಜೆಕ್ಟರ್‌ಗಳನ್ನು ಪೂರ್ತಿ ಹೊತ್ತು ತೆರೆದಿಡುವಂತಿಲ್ಲ, ಶೇ 85 ಸಾಕು ಅನ್ನಿ. ಒಂದು ಎಚ್‌ಪಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್ ಬೇಕು ಅಂತ ಹಿಡಿದರೆ ಸುಮಾರು 258 ಎಚ್‌ಪಿಗೆ ಸರಿಹೋಗುತ್ತದೆ. ಉಳಿಯುವುದು 30 ಎಚ್‌ಪಿ ಚಿಲ್ಲರೆ. ಇದರ ಮೇಲೆ 75 ಎಚ್‌ಪಿ ಶಾಟ್, ಅಂದರೆ ಅಷ್ಟು ಶಕ್ತಿ ಹೆಚ್ಚಿಸುವ ನೈಟ್ರಸ್, ಕೊಟ್ಟರೆ ಪೆಟ್ರೋಲ್ ಸಾಲದೆ ಮಿಶ್ರಣ ಲೀನ್ (ತೆಳು) ಆಗುತ್ತದೆ, ನಾಕಿಂಗ್ (ಮಿಶ್ರಣ ಹಿಡಿತವಿಲ್ಲದೆ ಸಿಡಿಯುವುದು) ಶುರುವಾಗುತ್ತದೆ, ಕೊನೆಗೆ ಪಿಸ್ಟನ್ ಕರಗುತ್ತದೆ.

ಅಂದಿನ ಡ್ರೈ ಕಿಟ್‌ಗಳು ಇದಕ್ಕೊಂದು ಉಪಾಯ ಹುಡುಕಿದ್ದವು. ನೈಟ್ರಸ್‌ನ ಒತ್ತಡವನ್ನೇ ಪೆಟ್ರೋಲಿನ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಮೇಲೆ ಹಾಕಿ, 39 ಪಿಎಸ್‌ಐ ಇದ್ದದ್ದನ್ನು 80ರ ಆಸುಪಾಸಿಗೆ ಏರಿಸುವುದು. ಒತ್ತಡ ಎರಡರಷ್ಟಾದರೆ ಪೆಟ್ರೋಲ್ ಎರಡರಷ್ಟಾಗುವುದಿಲ್ಲ, 1.4 ಪಟ್ಟು ಆಗುತ್ತದೆ. ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಒತ್ತಡ ಏರಿದಷ್ಟೂ ಪಂಪ್ ಕೊಡುವ ಪೆಟ್ರೋಲ್ ಇಳಿಯುತ್ತದೆ. ಕಂಪನಿಯದೇ ಹಳೆಯ ಪಂಪ್ ಇಟ್ಟುಕೊಂಡು ಈ ಉಪಾಯ ಮಾಡಿದವರು ಇಂಜಿನ್ ಕಳೆದುಕೊಂಡರು, ಬೈಸಿಕೊಂಡದ್ದು ಮಾತ್ರ ನೈಟ್ರಸ್. ಈಗ ಟ್ಯೂನರ್ (ಇಂಜಿನ್ ಹೊಂದಿಸುವ ತಜ್ಞ) ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುನಲ್ಲೇ ಇಂಜೆಕ್ಟರ್ ತೆರೆದಿರುವ ಸಮಯ ಹೆಚ್ಚಿಸುತ್ತಾನೆ. ನನ್ನ ಪ್ರಕಾರ ಇದೇ ವಾಸಿ.

‘ವೆಟ್ ಹಾಕಿದರೆ ಪಂಪ್ ಚಿಂತೆ ಇಲ್ಲ ಅಲ್ವಾ?’ ಅಂತ ಕೇಳುತ್ತಾರೆ. ಇದೆ. ವೆಟ್ ಕಿಟ್ ಪೆಟ್ರೋಲ್ ಕದಿಯುವುದೂ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಅದೇ ರೈಲ್ ಎಂಬ ಕೊಳವೆಯಿಂದ, ಅದೇ ಪಂಪ್‌ನಿಂದ. ಇಂಜೆಕ್ಟರ್‌ನ ಮಿತಿಯ ಕಾಟ ತಪ್ಪುತ್ತದೆ ಅಷ್ಟೇ.

ಎರಡನೆಯದು ಇಂಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಜಾಲ. ಇಂಜೆಕ್ಟರ್ ಕಾರುಗಳಲ್ಲಿ ಇದನ್ನು ಬರೀ ಗಾಳಿಗೆ ಅಂತ ಮಾಡಿರುತ್ತಾರೆ. ಉದ್ದ ಕೊಳವೆ, ತಿರುವು ಜಾಸ್ತಿ. ಅಲ್ಲಿ ಪೆಟ್ರೋಲ್ ಸಿಂಪಡಿಸಿದರೆ ತಿರುವುಗಳಲ್ಲಿ ಗೋಡೆಗೆ ಬಡಿದು ಕೆಳಗೆ ನಿಲ್ಲುತ್ತದೆ. ಕೆಲವು ಸಿಲಿಂಡರಿಗೆ ಜಾಸ್ತಿ, ಕೆಲವಕ್ಕೆ ಕಡಿಮೆ. ಹೀಗೆ ನಿಂತ ಪೆಟ್ರೋಲಿಗೆ ಬೆಂಕಿ ತಗುಲಿದರೆ ಬ್ಯಾಕ್‌ಫೈರ್. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಆದರೆ ಬಿರಿದೇ ಹೋಗಬಹುದು. ವೆಟ್ ನಾಝಲ್ ಥ್ರಾಟಲ್ ಬಾಡಿಗೆ (ಪೆಡಲ್ ತುಳಿದಾಗ ಗಾಳಿಗೆ ತೆರೆಯುವ ಬಾಗಿಲು) ಹತ್ತಿರ ಇರಲಿ, ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೇ ಇರಲಿ. ಇಂಜಿನ್ 3000 ಆರ್‌ಪಿಎಂ ದಾಟುವವರೆಗೆ ಸ್ಪ್ರೇ ಬೇಡ. ಪೆಡಲ್ ಪೂರ್ತಿ ತುಳಿದಾಗ ಮಾತ್ರ ಕೆಲಸ ಮಾಡುವ ಥ್ರಾಟಲ್ ಸ್ವಿಚ್, ಜೊತೆಗೆ ಗೊತ್ತುಮಾಡಿದ ಆರ್‌ಪಿಎಂಗಳ ನಡುವೆ ಮಾತ್ರ ನೈಟ್ರಸ್ ಬಿಡುವ ವಿಂಡೋ ಸ್ವಿಚ್ ಎರಡನ್ನೂ ಹಾಕಿಸಿ. ಡ್ರೈ ಕಿಟ್ಟಿಗೂ ಇವು ಬೇಕೇ ಬೇಕು.

ಸಿಲಿಂಡರಿನ ಒಳಗೇ ನೇರ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಇಂಜೆಕ್ಟರ್ ಕಡೆಯ ರೈಲ್‌ನ ಒತ್ತಡ ವಿಪರೀತ. ಅಲ್ಲಿ ಕೈ ಹಾಕುವಂತೆಯೇ ಇಲ್ಲ. ವೆಟ್ ಬೇಕಾದರೆ ಟ್ಯಾಂಕ್‌ನಿಂದ ಬರುವ ಕಡಿಮೆ ಒತ್ತಡದ ಲೈನ್‌ನಿಂದ ಪೆಟ್ರೋಲ್ ತೆಗೆಯಬೇಕು.

ಹಾಗಾದರೆ ಯಾವುದು? ದಿನಾ ಓಡಿಸುವ ಕಾರು, ಮ್ಯಾನಿಫೋಲ್ಡ್ ಬದಲಿಸುವ ಮನಸ್ಸಿಲ್ಲ, 50–75 ಎಚ್‌ಪಿ ಸಾಕು, ಅಷ್ಟಕ್ಕೆ ಇಂಜೆಕ್ಟರ್‌ನಲ್ಲಿ ಜಾಗ ಇದೆ, ಇಸಿಯು ಟ್ಯೂನ್ ಮಾಡುವವರು ಸಿಗುತ್ತಾರೆ ಅಂದರೆ ಡ್ರೈ. ಇಂಜೆಕ್ಟರ್‌ಗೆ ಉಸಿರಾಡಲು ಜಾಗವೇ ಇಲ್ಲ, 100ರ ಮೇಲೆ ಬೇಕು, ಮ್ಯಾನಿಫೋಲ್ಡ್ ಚಿಕ್ಕದು, ನೇರ ಅಂದರೆ ವೆಟ್. ಟ್ಯೂನರ್ ಸಿಗದ ಊರಿನಲ್ಲೂ ವೆಟ್ಟೇ ಸುಲಭ. ನೈಟ್ರಸ್ ಜೆಟ್, ಪೆಟ್ರೋಲ್ ಜೆಟ್ (ಎಷ್ಟು ಹರಿಯಬೇಕು ಎಂದು ನಿಗದಿ ಮಾಡುವ ಸಣ್ಣ ರಂಧ್ರದ ತುಂಡುಗಳು) ಎರಡನ್ನೂ ಚಾರ್ಟ್ ನೋಡಿ ಜೋಡಿಯಾಗಿ ಬದಲಿಸಿದರಾಯಿತು. ಒಂದನ್ನೇ ಬದಲಿಸಿದರೆ ಕೆಟ್ಟಿರಿ. ನಾಲ್ಕು ಸಿಲಿಂಡರ್ ಇಂಜಿನ್ನಿಗೆ 50 ಎಚ್‌ಪಿಯಿಂದ ಶುರು ಮಾಡಿದರೆ ಸಾಕು, ಯಾವ ಕಿಟ್ ಆದರೂ.

ಇನ್ನು ಉಳಿದವು. ಪ್ರತಿ 50 ಎಚ್‌ಪಿಗೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು, ಸುಮಾರು 2 ಡಿಗ್ರಿ ತಡ ಮಾಡಬೇಕು. ಒಂದು ಹಂತ ತಣ್ಣಗಿನ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ, ಸ್ಪಾರ್ಕ್ ಪ್ಲಗ್ ಒಳ್ಳೆಯದು. ಬಾಟಲಿಯ ಒತ್ತಡ 900–950 ಪಿಎಸ್‌ಐ ಇರಲಿ; ಚಳಿಯಲ್ಲಿ ಇಳಿದರೆ ಬಾಟಲ್ ಹೀಟರ್ ಬಳಸಿ. ಬೆಂಕಿ ತೋರಿಸಿ ಬಿಸಿ ಮಾಡುವವರೂ ಇದ್ದಾರೆ, ಅವರಿಂದ ದೂರ ನಿಲ್ಲಿ. ಪೆಟ್ರೋಲ್ ಒತ್ತಡ ಬಿದ್ದರೆ ನೈಟ್ರಸ್ ನಿಲ್ಲಿಸುವ ಸೇಫ್ಟಿ ಸ್ವಿಚ್‌ಗೆ ದುಡ್ಡು ಉಳಿಸಬೇಡಿ.

ಕಾನೂನು ಅಮೆರಿಕದ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ವಾಯುಮಂಡಳಿಯ ವಿನಾಯಿತಿ ಸಂಖ್ಯೆ ಇರುವ ಕಿಟ್ಟನ್ನೇ ಕೊಳ್ಳಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ಎಲ್ಲೇ ಇರಲಿ, ಬಾಟಲಿ ತೆರೆಯುವ ಜಾಗ ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ಸ್ಪರ್ಧೆಯ ಪಥ), ರಸ್ತೆಯಲ್ಲ.

ಮೊದಲ ಓಟ ಮುಗಿದ ಕೂಡಲೇ ಇಂಜಿನ್ ಆಫ್ ಮಾಡಿ, ಪ್ಲಗ್‌ಗಳನ್ನು ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ ಚುಕ್ಕೆಗಳು ಹೊಳೆಯುತ್ತಿದ್ದರೆ ಅದು ಪಿಸ್ಟನ್ನಿನ ಪುಡಿ. ಎರಡನೇ ಓಟ ಬೇಡ. ಕಾರನ್ನು ಟ್ರೇಲರ್ ಮೇಲೆ ಹತ್ತಿಸಿ, ಪೆಟ್ರೋಲ್ ಒತ್ತಡವನ್ನು ಮತ್ತೆ ಅಳೆಯಿರಿ.