ಹೊಸ ಮನೆ ಬೇಸಿಗೇಲಿ ಕಾಯದೇ ಇರೋಕೆ ಪ್ಲ್ಯಾನ್ ಕೈಲಿದ್ದಾಗ್ಲೇ ಏನೇನು ನೋಡ್ಬೇಕು

ಈಗಿನ ಹೊಸ ಮನೆ, ಹೊಸ ಫ್ಲ್ಯಾಟ್ ಅಂದ್ರೆ ದೊಡ್ಡ ದೊಡ್ಡ ಗಾಜು, ಗಾಳಿ ಸೋರದ ಹಾಗೆ ಟೈಟಾಗಿ ಕೂರೋ ಫ್ರೇಮು, ಒಂದೇ ಕಡೆ ಕಿಟಕಿ ಇರೋ ರೂಮು. ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಒಳಗೆ ಬಂದ ಬಿಸಿಗೆ ಹೊರಗೆ ಹೋಗೋಕೆ ದಾರೀನೇ ಇರಲ್ಲ. ಒಂದು ಎಸಿ ಹಾಕ್ಸಿದ್ರಾಯ್ತು ಬಿಡು ಅಂತ ದಯವಿಟ್ಟು ಅನ್ಕೋಬೇಡಿ. 2003ರ ಬೇಸಿಗೇಲಿ ಯುರೋಪಲ್ಲಿ ಬಿಸಿಲಿನ ಹೊಡೆತಕ್ಕೆ ಸತ್ತೋರು 70 ಸಾವಿರಕ್ಕೂ ಹೆಚ್ಚು ಅಂತ ಅಂದಾಜಿದೆ, ಅದ್ರಲ್ಲಿ ವಯಸ್ಸಾದೋರೇ ಜಾಸ್ತಿ, ಫ್ರಾನ್ಸಲ್ಲಿ ಛಾವಣಿಗೆ ತಾಗಿಕೊಂಡಿರೋ ಬೆಡ್‌ರೂಮಲ್ಲಿ ಮಲಗ್ತಿದ್ದೋರಿಗೆ ಅಪಾಯ ಇನ್ನೂ ಹೆಚ್ಚಿತ್ತು ಅಂತ ಆಮೇಲೆ ಗೊತ್ತಾಯ್ತು. ಹಗಲೆಲ್ಲಾ ಬೆಂದ ಮೈಗೆ ರಾತ್ರಿನೂ ಬಿಡುವು ಸಿಗ್ಲಿಲ್ಲ ಅಂದ್ರೆ ತಡೆಯಲ್ಲ. ಅದಕ್ಕೇ ಮನೆ ಪಾಸಾ ಫೇಲಾ ಅಂತ ನೋಡ್ಬೇಕಾಗಿರೋದು ರಾತ್ರಿ ಹೊತ್ತು ಬೆಡ್‌ರೂಮಲ್ಲಿ.

ಮೊದಲು ಪ್ಲ್ಯಾನ್ ಹರಡಿಕೊಂಡು ದಿಕ್ಕು ಗುರುತು ಹಾಕಿ. ಆಮೇಲೆ ಒಂದೊಂದು ರೂಮಿಗೂ ಯಾವ ದಿಕ್ಕಿಗೆ ಎಷ್ಟು ಗಾಜಿದೆ ಅಂತ ಬರ್ಕೊಳ್ಳಿ. ಪಶ್ಚಿಮದ ಗಾಜನ್ನ ಮಾತ್ರ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಯಾಕಂದ್ರೆ ಅದಾಗ್ಲೇ ಹೊರಗಿನ ಗಾಳಿನೂ ಕಾದಿರೋ ಹೊತ್ತಲ್ಲಿ ಸಂಜೆ ಬಿಸಿಲು ನೇರ ಒಳಗೆ ನುಗ್ಗೋದು ಅಲ್ಲೇ. ಲೆಕ್ಕ ಕಷ್ಟ ಏನಿಲ್ಲ. 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಕಿಟಕಿ ಅಂದ್ರೆ 3 ಚದರ ಮೀಟರ್ ಗಾಜು, ಅದರ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳ್ತಿದೆ ಅನ್ಕೊಳ್ಳಿ, ಮಾಮೂಲಿ ಒಂಟಿ ಗಾಜು ಅದ್ರಲ್ಲಿ ಸುಮಾರು 80% ಒಳಗೆ ಬಿಡುತ್ತೆ, ಅಲ್ಲಿಗೆ 1440 ವ್ಯಾಟ್ ಆಯ್ತು. ಬೇಸಿಗೆ ಸಂಜೆ ಬೆಡ್‌ರೂಮಲ್ಲಿ ಒಂದೂವರೆ ಕಿಲೋವ್ಯಾಟಿನ ರೂಮ್ ಹೀಟರ್ ಹಾಕಿಟ್ಟಷ್ಟು ಬಿಸಿ ಅದು! ಬಿದ್ದ ಬಿಸಿಲಿನ ಬಿಸೀಲಿ ಎಷ್ಟು ಪಾಲು ಗಾಜು ಒಳಗೆ ಬಿಡುತ್ತೆ ಅಂತ ಹೇಳೋ ನಂಬರಿಗೆ ಎಸ್‌ಎಚ್‌ಜಿಸಿ ಅಂತಾರೆ, ಅದೇ ಜಾಗಕ್ಕೆ ಎಸ್‌ಎಚ್‌ಜಿಸಿ 0.3 ಇರೋ, ಅಂದ್ರೆ 30% ಮಾತ್ರ ಒಳಗೆ ಬಿಡೋ ಗಾಜು ಹಾಕ್ಸಿದ್ರೆ 540ಕ್ಕೆ ಇಳಿಯುತ್ತೆ. ಬಿಲ್ಡರ್ ಹತ್ರ ಈ ನಂಬರ್ ಕೇಳಿ, ಕಿಟಕಿಗೆ ಡಬಲ್ ಗ್ಲಾಸ್ ಹಾಕಿದೀವಿ ಸರ್ ಅಂತ ಹೇಳಿದ್ರೆ ಅಷ್ಟಕ್ಕೇ ಸುಮ್ಮನಾಗ್ಬೇಡಿ, ಡಬಲ್ ಗಾಜಿನ ಎಸ್‌ಎಚ್‌ಜಿಸಿ ಕೂಡ ಜಾಸ್ತಿ ಇರಬಹುದು.

ಗಾಜಿಗಿಂತ ಮುಖ್ಯ ನೆರಳು, ಅದೂ ಹೊರಗಡೆ. ಒಳಗೆ ದಪ್ಪ ಕರ್ಟನ್ ಹಾಕಿದ್ರೆ ಬಿಸಿಲು ಗಾಜು ದಾಟಿ ಬಂದು ಕರ್ಟನ್ನನ್ನ ಕಾಯಿಸುತ್ತೆ, ಕರ್ಟನ್ ರೂಮನ್ನ ಕಾಯಿಸುತ್ತೆ, ಕಣ್ಣಿಗೆ ತಂಪು ಅಷ್ಟೇ. ಹೊರಗಡೆ ಶಟರ್, ಓರೆ ಪಟ್ಟಿಗಳ ಲೂವರ್, ಬಿದಿರಿನ ಪರದೆ, ಏನೇ ಇರ್ಲಿ, ಬಿಸಿಲು ಗಾಜು ಮುಟ್ಟೋಕೆ ಮುಂಚೆನೇ ನಿಲ್ಲಬೇಕು. ಇನ್ನೊಂದು, ಕಿಟಕಿ ಮೇಲಿನ ಸನ್‌ಶೇಡ್ ಸೂರ್ಯ ಮೇಲಿದ್ದಾಗ ಕೆಲಸ ಮಾಡುತ್ತೆ, ಪೂರ್ವ ಪಶ್ಚಿಮದಲ್ಲಿ ಸೂರ್ಯ ಕೆಳಗಿರ್ತಾನಲ್ಲ, ಅಲ್ಲಿ ಅದು ಸಾಲದು, ಪಕ್ಕದಿಂದ ಅಡ್ಡ ಬರೋ ಉದ್ದುದ್ದ ಪಟ್ಟಿ ಇಲ್ಲಾ ಮುಚ್ಚಿ ತೆಗೆಯೋ ಶಟರ್ರೇ ಬೇಕು. ಎಷ್ಟೋ ಮನೇಲಿ ನಾಲ್ಕೂ ಕಡೆ ಒಂದೇ ಅಳತೆ ಸನ್‌ಶೇಡ್ ಹಾಕಿಬಿಡ್ತಾರೆ, ಅದನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಡ್ರಾಯಿಂಗಲ್ಲಿ ಒಂದು ಗೆರೆ ಬದಲಾಯಿಸಿದ್ರೆ ಸಾಕಿತ್ತು.

ಆಮೇಲೆ ಗಾಳಿ. ಎದುರುಬದುರು ಅಥವಾ ಕೊನೇಪಕ್ಷ ಎರಡು ಬೇರೆ ಗೋಡೇಲಿ ಕಿಟಕಿ ಇದ್ರೆ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತೆ. ಒಂದೇ ಕಡೆ ಕಿಟಕಿ ಇದ್ರೆ ರೂಮಿನ ಆಳ ಛಾವಣಿ ಎತ್ತರದ ಎರಡೂವರೆ ಪಟ್ಟು ದಾಟಬಾರದು ಅಂತ ಒಂದು ಅಂದಾಜು ಲೆಕ್ಕ ಇದೆ. ಕಿಟಕಿ ಎಷ್ಟು ದೊಡ್ಡದು ಅಂತ ನೋಡ್ಬೇಡಿ, ಎಷ್ಟು ತೆಗೆಯೋಕಾಗುತ್ತೆ ಅಂತ ನೋಡಿ, ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ತೆಗೆದ್ರೂ ಅರ್ಧಾನೇ, ಸೊಳ್ಳೆ ಜಾಲರಿ ಹಾಕಿದ್ರೆ ಅದ್ರಲ್ಲೂ ಕಮ್ಮಿ. ಮುಖ್ಯವಾದ ಪ್ರಶ್ನೆ ಇದು: ರಾತ್ರಿ ಆ ಕಿಟಕಿ ತೆಗೆದಿಟ್ಟು ಮಲಗೋಕಾಗುತ್ತಾ? ರಸ್ತೆ ಸದ್ದು, ಕಳ್ಳರ ಭಯ, ಹೊಗೆ, ಇದ್ರಲ್ಲಿ ಒಂದಿದ್ರೂ ಜನ ಮುಚ್ಚೇ ಮುಚ್ತಾರೆ, ಆಗ ಪೇಪರ್ ಮೇಲೆ ಮಾಡಿದ ಲೆಕ್ಕ ಎಲ್ಲಾ ವೇಸ್ಟ್. ಗ್ರಿಲ್ ಇರೋ ವೆಂಟಿಲೇಟರ್, ಸದ್ದು ತಡೆಯೋ ಲೂವರ್ ಇವನ್ನೆಲ್ಲ ಆಗ್ಲೇ ಸೇರಿಸ್ಬೇಕು.

ಟಾಪ್ ಫ್ಲೋರ್ ಆದ್ರೆ ಸ್ಲ್ಯಾಬ್ ಮರೀಬೇಡಿ. ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಯನ್ನ ಕೆಲವು ಗಂಟೆ ತಡವಾಗಿ, ಸರಿಯಾಗಿ ನೀವು ಮಲಗೋ ಹೊತ್ತಿಗೆ ಕೆಳಗೆ ಬಿಡುತ್ತೆ. ಬಿಸಿ ತಡೆಯೋ ಪದರ, ಅಂದ್ರೆ ಇನ್ಸುಲೇಶನ್, ಸ್ಲ್ಯಾಬಿನ ಮೇಲ್ಗಡೆ ಬರಲಿ, ಅದರ ಮೇಲೆ ಬಿಳಿ ಟೈಲ್ಸೋ ಬಿಳಿ ಕೋಟಿಂಗೋ. ಕೋಟಿಂಗ್ ಧೂಳು ಹಿಡಿದ್ರೆ ಕೆಲಸ ಕಮ್ಮಿಯಾಗುತ್ತೆ, ತೊಳೀತಾ ಇರಿ.

ದೊಡ್ಡ ಪ್ರಾಜೆಕ್ಟ್ ಆದ್ರೆ ಮನೆ ಎಷ್ಟು ಕಾಯುತ್ತೆ ಅಂತ ಕಟ್ಟೋಕೆ ಮುಂಚೆನೇ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ ಮಾಡ್ಸೋದು ಒಳ್ಳೇದು. ಇಂಗ್ಲೆಂಡಲ್ಲಿ ಹೊಸ ಮನೆಗಳಿಗೆ 2022ರ ಜೂನ್ 15ರಿಂದ ಮನೆ ಅತಿಯಾಗಿ ಕಾಯೋದನ್ನ ತಡೆಯೋಕೆ ಕಾನೂನೇ ಇದೆ, ಅಲ್ಲಿ ಬಳಸೋ ಟಿಎಂ59 ಅನ್ನೋ ವಿಧಾನದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಬೆಡ್‌ರೂಮು 26 ಡಿಗ್ರಿ ದಾಟೋದು ವರ್ಷದ ಆ ಹೊತ್ತಿನ 1%ಕ್ಕಿಂತ ಹೆಚ್ಚಾಗಬಾರದು, ಅಂದ್ರೆ 32 ಗಂಟೆ, 33 ಆದ್ರೆ ಫೇಲ್. ಆ 26 ಅವರ ಹವೆಗೆ ಸರಿ, ಬಿಸಿ ದೇಶಕ್ಕೆ ಹಾಗೇ ಎತ್ತಿ ಹಾಕೋಕಾಗಲ್ಲ, ಆದ್ರೆ ರಾತ್ರಿ ಗಂಟೆಗಳನ್ನ ಎಣಿಸೋ ಆ ಕ್ರಮ ಎಲ್ಲಾ ಕಡೆ ಉಪಯೋಗಕ್ಕೆ ಬರುತ್ತೆ. ಮಾಡೆಲ್ ಮಾಡೋರಿಗೆ ಒಂದೇ ಮಾತು ಹೇಳಿ, ಕಿಟಕಿ ಮುಚ್ಚಿದ್ರೆ ಏನಾಗುತ್ತೆ ಅಂತಾನೂ ಒಂದ್ಸಲ ಓಡ್ಸಿ ತೋರ್ಸಿ ಅಂತ.

ಇಷ್ಟೆಲ್ಲಾ ಆದ್ಮೇಲೆ ಫ್ಯಾನು, ಕೊನೇಗೆ ಎಸಿ. ಫ್ಯಾನ್ ರೂಮನ್ನ ತಣ್ಣಗೆ ಮಾಡಲ್ಲ, ಮೈ ಬೆವರು ಆರಿಸುತ್ತೆ ಅಷ್ಟೇ, ಹಾಗಾಗಿ ಯಾರೂ ಇಲ್ಲದಾಗ ಆಫ್ ಮಾಡಿ. ಎಸಿ ಬೇಡ ಅಂತಲ್ಲ, ವಯಸ್ಸಾದೋರು, ಮಗು ಇರೋ ಮನೇಲಿ ಬೇಕಾಗಬಹುದು, ಆದ್ರೆ ನೆರಳಿಲ್ಲದ ಮನೇಲಿ ಕರೆಂಟ್ ಹೋದ ರಾತ್ರಿ ಏನ್ ಮಾಡ್ತೀರ.

ಮನೆಗೆ ಹೋದ ಮೊದಲ ಬೇಸಿಗೇಲಿ ಬೆಡ್‌ರೂಮಲ್ಲಿ ಒಂದು, ಹೊರಗೆ ನೆರಳಲ್ಲಿ ಒಂದು ಥರ್ಮಾಮೀಟರ್ ಇಟ್ಟು ರಾತ್ರಿ ಹತ್ತಕ್ಕೂ ಬೆಳಗಿನ ಜಾವಕ್ಕೂ ಬರ್ಕೊಳ್ಳಿ. ಹೊರಗೆ ತಂಪಾಗಿದ್ರೂ ಒಳಗೆ ಇಳೀತಿಲ್ಲ ಅಂದ್ರೆ ಗಾಳಿ ದಾರಿ ಸರಿ ಇಲ್ಲ. ಸೂರ್ಯ ಮುಳುಗಿದ ಮೇಲೂ ಒಳಗೆ ಏರ್ತಾನೇ ಇದ್ರೆ ಗೋಡೆ, ಸ್ಲ್ಯಾಬ್ ಮುಟ್ಟಿ ನೋಡಿ, ಯಾವುದು ಬೆಚ್ಚಗಿದೆಯೋ ರಿಪೇರಿ ಅಲ್ಲಿಂದ ಶುರು ಮಾಡಿ.